ತಪ್ಪೆಲ್ಲ ಗುಂಡಿಗೆಯದೇ

ದೆಹಲಿಯ ಹೊಗೆಯ ಬಗ್ಗೆ ಯಾರೇ ಪ್ರಶ್ನೆ ಕೇಳಲಿ, ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಅದೇ ಹಳೆಯ ಉತ್ತರವನ್ನು ಧೂಳು ಕೊಡವಿ ಓದುತ್ತದೆ: ವಾಯುಮಾಲಿನ್ಯ ಒಂದರಿಂದಲೇ ಸಾವು ಸಂಭವಿಸಿದೆ ಎನ್ನಲು ನಿರ್ಣಾಯಕ ದತ್ತಾಂಶ ದೇಶದಲ್ಲಿಲ್ಲ. ನಿಜವೇ. ಮರಣ ಪ್ರಮಾಣಪತ್ರದಲ್ಲಿ ‘ಹೃದಯಾಘಾತ’ ಎಂದಿರುತ್ತದೆ. ಕಾರಣದ ಕಾಲಂನಲ್ಲಿ, ದೆಹಲಿಯಲ್ಲೇ ಹೊಗೆಗೆ ಹೆಸರಾದ ‘ಆನಂದ್ ವಿಹಾರ್ ಬಸ್ ನಿಲ್ದಾಣ’ ಎಂದು ಬರೆಯುವ ಡಾಕ್ಟರು ಇನ್ನೂ ಹುಟ್ಟಿಲ್ಲ.

ಅಂದಮೇಲೆ ತಪ್ಪು ಗುಂಡಿಗೆಯದೇ. ಅದಕ್ಕೆ ಕಚೇರಿಯ ಶಿಸ್ತು ಗೊತ್ತಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹಿಂದಿನ 24 ಗಂಟೆಗಳ ಸರಾಸರಿ ತೆಗೆದು, ದಿನಕ್ಕೊಮ್ಮೆ ಸಂಜೆ 4ಕ್ಕೆ ನಗರದ ಎಕ್ಯೂಐ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ, ಪ್ರಕಟಿಸುತ್ತದೆ. ಸಭ್ಯ ಗುಂಡಿಗೆಯಾದರೆ ನಾಲ್ಕರ ತನಕ ಕಾದು, ಪ್ರಕಟಣೆ ಓದಿ, ‘ತೀವ್ರ’ ಅಂತಿದ್ದರೆ ಮಾತ್ರ ಕೆಡಬೇಕು. ಇದು ಹಾಗಲ್ಲ. ಬೆಳಿಗ್ಗೆ ರಿಂಗ್ ರೋಡಿನಲ್ಲಿ ಡೀಸೆಲ್ ಲಾರಿಯ ಹಿಂದೆ ಆಟೊದಲ್ಲಿ ಕೂತ ಒಂದೆರಡು ತಾಸಿನೊಳಗೇ ಶುರುಹಚ್ಚಿಕೊಳ್ಳುತ್ತದೆ. ಹೊಗೆಯಲ್ಲಿರುವ ಪಿಎಂ 2.5 ಎಂಬ ಕಣ ಕೂದಲಿನ ದಪ್ಪದ ಮೂವತ್ತರಲ್ಲಿ ಒಂದು ಪಾಲೂ ಇಲ್ಲ. ಅದು ಶ್ವಾಸಕೋಶದ ತಳ ಮುಟ್ಟಿದ್ದೇ ತಡ, ನರಗಳು ಗಾಬರಿ ಬೀಳುತ್ತವೆ, ರಕ್ತನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ, ಬಡಿತದ ಲಯ ತಪ್ಪುತ್ತದೆ, ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ರಕ್ತ ಹೆಪ್ಪುಗಟ್ಟಲು ಅಣಿಯಾಗುತ್ತವೆ. ಮೊದಲೇ ಕೊಬ್ಬು ಕಟ್ಟಿ ಕಿರಿದಾದ ನಾಳವಾದರೆ ಮುಗಿಯಿತು. ಸರಾಸರಿ ತೆಗೆಯುವ ತಾಳ್ಮೆ ಯಾರಿಗೂ ಇಲ್ಲ.

ಎಡಿನ್‌ಬರೊದ ಸಂಶೋಧಕರು 2007ರಲ್ಲಿ ಇದರ ಸಾಕ್ಷಿಯನ್ನೇ ಪ್ರಕಟಿಸಿದರು. ಹಿಂದೊಮ್ಮೆ ಹೃದಯಾಘಾತವಾಗಿ ಚೇತರಿಸಿಕೊಂಡಿದ್ದ 20 ಗಂಡಸರಿಗೆ ಒಂದು ತಾಸು ಡೀಸೆಲ್ ಹೊಗೆ ಕುಡಿಸಿ, ನಡುನಡುವೆ ವ್ಯಾಯಾಮ ಮಾಡಿಸಿದರು. ಹೃದಯಕ್ಕೆ ರಕ್ತ ಸಾಲುತ್ತಿಲ್ಲ ಎಂದು ಇಸಿಜಿ ಗೀಚಿ ತೋರಿಸಿತು. ಹೊಗೆಯ ಕಣಗಳ ಪ್ರಮಾಣ ಘನ ಮೀಟರಿಗೆ 300 ಮೈಕ್ರೊಗ್ರಾಂ. ಅಷ್ಟನ್ನು ತಯಾರಿಸಲು ಅವರಿಗೆ ಎಂಜಿನ್ನು, ಕೋಣೆ, ಅನುದಾನ ಎಲ್ಲ ಬೇಕಾಯಿತು. ದೆಹಲಿಯ ನವೆಂಬರಿನಲ್ಲಿ ಪುಕ್ಕಟೆ ಸಿಗುತ್ತದೆ. ಆದರೇನು, ಅವೆಲ್ಲ ಪರದೇಶದ ಎದೆಗಳು. ದೇಶದ ದತ್ತಾಂಶಕ್ಕೆ ಜಮೆಯಾಗುವುದಿಲ್ಲ.

ಸರ್ಕಾರ ಕೈಕಟ್ಟಿ ಕೂತಿದೆ ಎಂದರೆ ನಾಲಿಗೆಗೆ ಹುಳ ಬಿದ್ದೀತು. 2019ರ ನವೆಂಬರ್ 3ರಂದು ರಾಜಧಾನಿ ಎದುರು ಮನೆ ಕಾಣದಷ್ಟು ಮಬ್ಬಾಗಿತ್ತು. ಅಂದು ಪರಿಸರ ಸಚಿವ ಪ್ರಕಾಶ್ ಜಾವಡೇಕರ್ ದಿನವನ್ನು ಸಂಗೀತದಿಂದ ಆರಂಭಿಸಿ ಎಂದು ವೀಣಾವಾದನ ಹಂಚಿದರು. ಆರೋಗ್ಯ ಸಚಿವ ಹರ್ಷವರ್ಧನ್ ಗಜ್ಜರಿ ತಿನ್ನಿ, ಮಾಲಿನ್ಯದ ಬಾಧೆಗೂ ಒಳ್ಳೆಯದು ಎಂದರು. ಅವರು ಕಿವಿ, ಮೂಗು, ಗಂಟಲಿನ ಡಾಕ್ಟರು. ಕಿವಿಗೆ ವೀಣೆ ಆಯಿತು, ಗಂಟಲಿಗೆ ಗಜ್ಜರಿ ಆಯಿತು. ಗುಂಡಿಗೆ ಅವರ ವ್ಯಾಪ್ತಿಗೆ ಬರುವುದಿಲ್ಲ.

ಈ ವಿದ್ಯೆಯ ಗುರುಪೀಠ ಲಂಡನ್ನು. 1952ರ ಡಿಸೆಂಬರಿನ ಹೊಗೆಮಂಜಿಗೆ ಅಲ್ಲಿ ಸುಮಾರು 4,000 ಜನ ಸತ್ತರು. ಮುಂದಿನ ತಿಂಗಳುಗಳಲ್ಲೂ ಸಾವು ನಿಲ್ಲದಿದ್ದಾಗ ಸರ್ಕಾರ ಫ್ಲೂ ಜ್ವರದ ಹೆಸರು ಹೇಳಿತು. ಮರುವರ್ಷ ಸಚಿವ ಹೆರಾಲ್ಡ್ ಮ್ಯಾಕ್‌ಮಿಲನ್ ಸಂಪುಟಕ್ಕೆ ಬರೆದ ಟಿಪ್ಪಣಿಯ ಸಾರ: ನಾವು ಹೆಚ್ಚೇನೂ ಮಾಡಲಾರೆವು, ಆದರೆ ಭಾರಿ ಕೆಲಸದಲ್ಲಿರುವಂತೆ ಕಾಣಬಹುದು, ಈ ಕಾಲದಲ್ಲಿ ಅಷ್ಟಾದರೆ ಅರ್ಧ ಗೆದ್ದಂತೆ. ಆಮೇಲೆ ಅವರು ಪ್ರಧಾನಿಯೂ ಆದರು.

ನಮ್ಮವರು ಆ ಅರ್ಧವನ್ನು ಪೂರ್ತಿ ಗೆದ್ದಿದ್ದಾರೆ. ದೆಹಲಿಯ ಕನಾಟ್ ಪ್ಲೇಸಿನಲ್ಲಿ 2021ರಲ್ಲಿ 40 ಫ್ಯಾನುಗಳ ಹೊಗೆ ಹೀರುವ ಗೋಪುರ ಎದ್ದಿತು. ತಿಂಗಳುಗಟ್ಟಲೆ ಬೀಗ ಹಾಕಿಸಿಕೊಂಡೂ ನಿಂತಿತು. 2025ರ ಅಕ್ಟೋಬರ್ 28ರಂದು ಮೋಡ ಬಿತ್ತನೆಗೆ ವಿಮಾನ ಹಾರಿತು. ಮೋಡದಲ್ಲಿ ತೇವ ಸಾಲಲಿಲ್ಲವಂತೆ. ಅದೇ ವರ್ಷ ಆನಂದ್ ವಿಹಾರ್‌ನಲ್ಲಿ ಗಾಳಿ ಅಳೆಯುವ ಯಂತ್ರದ ಸುತ್ತ ಟ್ಯಾಂಕರ್‌ಗಳು ನೀರು ಚಿಮ್ಮಿಸುವ ವಿಡಿಯೋಗಳೂ ಹರಿದಾಡಿದವು. ಯಂತ್ರದ ಅಂಕಿ ಇಳಿಸಲಿಕ್ಕೋ ಎಂದು ಕೇಳಿದರೆ, ಅದು ಮಾಮೂಲಿ ಧೂಳು ನಿಯಂತ್ರಣ ಎಂದರು ಸರ್ಕಾರದವರು. ಇರಬಹುದು, ಯಂತ್ರಕ್ಕೂ ಒಂದು ಗುಂಡಿಗೆ ಇದ್ದೀತು.

ಆರ್.ಕೆ. ಪುರಂನ ಕರ್ನಾಟಕ ಸಂಘಕ್ಕೆ ಹೋಗಿಬರುವ, ಎದೆಗೆ ಸ್ಟೆಂಟ್ ಹಾಕಿಸಿಕೊಂಡ ಹಿರಿಯರು ಇದನ್ನು ಗಮನಿಸಬೇಕು. ಅದೇ ಬಡಾವಣೆಯಲ್ಲಿ ಗಾಳಿ ಅಳೆಯುವ ಕೇಂದ್ರವೂ ಇದೆ. ಅಲ್ಲಿಗೂ ಟ್ಯಾಂಕರ್ ಬಂದರೆ ಯಂತ್ರಕ್ಕೆ ಒತ್ತಿ ನಿಂತು ಉಸಿರಾಡಿ. ಛತ್ರಿ ಮರೆಯಬೇಡಿ.