ಇಪ್ಪತ್ತೊಂದು ಕಿಲೋಮೀಟರ್ ಬಿಸಿಲು

ಮಾರ್ಚ್ ತಿಂಗಳು, ಪಾಂಡವಪುರದ ಕಡೆಯ ಹಳ್ಳಿ ರಸ್ತೆ, 21.1 ಕಿಲೋಮೀಟರ್ ಓಟ. ಬೆಳಗ್ಗೆ ಆರಕ್ಕೆ ಶುರು ಎಂದು ಕರೆದಿದ್ದರು. ನಾನು ಐದಕ್ಕೇ ಹೋಗಿ ನಿಂತೆ. ಮುಖ್ಯ ಅತಿಥಿಗಳು ಬಂದದ್ದು ಏಳಕ್ಕೆ. ಹಾರ, ಭಾಷಣ, ಫೋಟೋ ಮುಗಿದು ಬಾವುಟ ಬೀಸುವಾಗ ಏಳೂಕಾಲು. ಬೇಸಿಗೆಯ ಓಟದಲ್ಲಿ ಆ ಒಂದೂಕಾಲು ಗಂಟೆ ಎಂದರೆ ಏನೆಂದು ಕಾರಿನಲ್ಲಿ ಬಂದು ಕಾರಿನಲ್ಲೇ ಹೋದವರಿಗೆ ಹೇಗೆ ತಿಳಿಯಬೇಕು?

ಹತ್ತು ಕಿಲೋಮೀಟರ್ ದಾಟಿದ ಮೇಲೆ ನೆರಳೇ ಇಲ್ಲ. ಎಡಕ್ಕೆ ಕಬ್ಬಿನ ಗದ್ದೆ, ಬಲಕ್ಕೆ ನೀರು ಬಿಡದ ನಾಲೆ. ಎದುರಿನಿಂದ ಕಬ್ಬು ತುಂಬಿದ ಟ್ರ್ಯಾಕ್ಟರ್ ಬಂದರೆ ನಾವೇ ಮಣ್ಣಿಗಿಳಿದು ದಾರಿ ಬಿಡಬೇಕು. ಪಾಪ, ರಸ್ತೆ ಅವರದೇ. ಬೆವರು ಒಣಗಿ ಹುಬ್ಬಿನ ಮೇಲೆ ಉಪ್ಪು ಕೂತಿತ್ತು, ಮುಟ್ಟಿದರೆ ಮರಳಿನಂತೆ ಉದುರುತ್ತಿತ್ತು.

ಹದಿನಾಲ್ಕನೇ ಕಿಲೋಮೀಟರಿನಲ್ಲಿ ನೀರಿದೆ ಎಂದಿದ್ದರು. ಇದ್ದದ್ದು ಒಂದು ಮೇಜು, ಬಿಸಿಲಲ್ಲಿ ಕಾದ ಖಾಲಿ ಕ್ಯಾನು, ಮೊಬೈಲ್ ನೋಡುತ್ತಾ ಕೂತ ಒಬ್ಬ ಹುಡುಗ. "ಮುಂದೆ ಸಿಗುತ್ತದೆ ಸಾರ್" ಎಂದ. ಮುಂದೆ ಸಿಕ್ಕಿದ್ದು ಜಗುಲಿಯ ಮೇಲೆ ಕೂತಿದ್ದ ಅಜ್ಜಿ. "ಯಾರು ಅಟ್ಟಿಸಿಕೊಂಡು ಬರುತ್ತಿದ್ದಾರಪ್ಪ?" ಎಂದು ಕೇಳಿದರು. ಒಂಬೈನೂರು ರೂಪಾಯಿ ಕೊಟ್ಟು ಓಡುತ್ತಿದ್ದೇನೆ ಎನ್ನಲು ನಾಚಿಕೆಯಾಗಿ, ಒಂದು ಚೊಂಬು ನೀರು ಕೇಳಿದೆ.

ಗುರಿ ಮುಟ್ಟಿದಾಗ ಕೊರಳಿಗೆ ಪದಕ ಬಿತ್ತು. ಇಡ್ಲಿ ಮುಗಿದಿತ್ತು. ಅತಿಥಿಗಳ ತಟ್ಟೆಗಳು ಮಾತ್ರ ಮೇಜಿನ ಮೇಲೆ ಇನ್ನೂ ಇದ್ದವು.