ಕೆರೆಯಲ್ಲಿರುವುದೆಲ್ಲ ಹೂಳಲ್ಲ

ಬೇಸಿಗೆ ಬಂತೆಂದರೆ ಕೆರೆ ಹೂಳೆತ್ತುವ ಕಾಮಗಾರಿಗಳ ಸುದ್ದಿ ಶುರು. ಆದರೆ ತುಮಕೂರು, ಚಿತ್ರದುರ್ಗದ ಕಡೆ ಹಳೇ ರೈತರನ್ನು ಮಾತಾಡಿಸಿ ನೋಡಿ, ಹೊಲಕ್ಕೆ ಹೂಳು ಹೊಡೆಸಿದೆ ಅಂತ ಯಾರೂ ಅನ್ನುವುದಿಲ್ಲ. ಗೋಡು ಹೊಡೆಸಿದೆ ಅನ್ನುತ್ತಾರೆ. ಎರಡೂ ನೀರು ಹೊತ್ತು ತಂದ ಮಣ್ಣೇ. ಹೂಳು ಅಂದಾಗ ನಾವು ಯೋಚಿಸುವುದು ಅದು ತಿಂದ ಜಾಗದ ಬಗ್ಗೆ, ಗೋಡು ಅಂದಾಗ ಆ ಮಣ್ಣಿನ ಗುಣದ ಬಗ್ಗೆ.

ತುಂಗಭದ್ರಾ ಜಲಾಶಯದಲ್ಲಿ ಕೂತಿರುವುದು ಹೂಳೇ, ಅನುಮಾನವಿಲ್ಲ. 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105ರ ಆಸುಪಾಸಿಗೆ ಇಳಿದಿದೆ. ಅಷ್ಟು ಮಣ್ಣನ್ನು ಎತ್ತಿ ಹಾಕುವುದಾದರೂ ಎಲ್ಲಿಗೆ?

ಊರ ಕೆರೆಯ ಲೆಕ್ಕವೇ ಬೇರೆ. ಹಳ್ಳ ಬಂದು ಸೇರುವ ಕಡೆ ದಪ್ಪ ಮರಳು ಮೊದಲೇ ಇಳಿದುಬಿಡುತ್ತದೆ. ನೀರಿನ ಓಟ ತಗ್ಗಿ ಏರಿಯತ್ತ ಬಂದಮೇಲೆ ನುಣ್ಣನೆಯ ಮಣ್ಣು, ಕೊಳೆತ ಎಲೆ, ದನಕರುಗಳ ಸಗಣಿ ನಿಧಾನಕ್ಕೆ ತಳ ಸೇರುತ್ತವೆ. ಅದು ಗೋಡು. ಕೆರೆ ಒಣಗಿದಾಗ ಬಿರುಕುಬಿಟ್ಟು ಹಪ್ಪಳದ ಹಾಗೆ ಅಂಚು ಎದ್ದಿರುತ್ತದೆ. ಒಂದು ಹೆಂಟೆ ಒಡೆದರೆ ಒಳಗೆ ಕಪ್ಪು, ನಡುನಡುವೆ ಬಸವನಹುಳುವಿನ ಚಿಪ್ಪು. ನೀರು ಚಿಮುಕಿಸಿ ಬೆರಳಲ್ಲಿ ಹೊಸೆದರೆ ತುಂಡಾಗದೆ ಎಳೆ ಬರುತ್ತದೆ. ನಮ್ಮ ಕೆಂಪು ಮರಳುಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ, ಗೋಡು ಬೆರೆತರೆ ತೇವ ನಿಲ್ಲುತ್ತದೆ. ಮಳೆ ಕೈಕೊಟ್ಟಾಗ ರಾಗಿ ಇನ್ನೂ ಕೆಲವು ದಿನ ತಡೆದುಕೊಳ್ಳುತ್ತದೆ. (ಎರೆಹೊಲಕ್ಕೆ ಮಾತ್ರ ಹೊಡೆಸಬೇಡಿ, ಅಲ್ಲಿ ಜಿಗುಟು ಮೊದಲೇ ಜಾಸ್ತಿ.)

ನನಗೆ ಸಿಟ್ಟು ಬರುವುದು ಕಾಮಗಾರಿಯ ಅಂದಾಜುಪಟ್ಟಿ ನೋಡಿದಾಗ. ಅಲ್ಲಿ ಎಲ್ಲವೂ ಹೂಳು, ಎಲ್ಲವೂ ಘನ ಮೀಟರ್. ಎಷ್ಟು ಅಗೆದರೆ ಅಷ್ಟು ಬಿಲ್ಲು. ನಮ್ಮ ಕಡೆಯ ಒಂದು ಕೆರೆಯಲ್ಲಿ ಜೆಸಿಬಿ ಗೋಡಿನ ಪದರ ದಾಟಿ ಕೆಳಗಿನ ಗರಸಿನವರೆಗೂ, ಅಂದರೆ ಕಲ್ಲುಚೂರು ಬೆರೆತ ಗಟ್ಟಿ ಮಣ್ಣಿನವರೆಗೂ, ಇಳಿಯಿತು. ಗೋಡು, ಗರಸು, ಮರಳು ಎಲ್ಲ ಕಲೆಸಿ ದಂಡೆಯ ಮೇಲೆ ರಾಶಿ ಹಾಕಿದರು. ಹೊಲಕ್ಕೆ ಬರುವಂತಿರಲಿಲ್ಲ, ಒಬ್ಬ ರೈತನೂ ಮುಟ್ಟಲಿಲ್ಲ. ಮುಂಗಾರು ಹಿಡಿದ ಮೇಲೆ ರಾಶಿ ಕರಗಿ ಮತ್ತೆ ಕೆರೆಗೇ ಇಳಿಯಿತು. ಅಗೆದ ಗುಂಡಿಗಳು ಮಾತ್ರ ಹಾಗೇ ಉಳಿದವು. ನೀರು ತುಂಬಿದಮೇಲೆ ಈಜಲು ಇಳಿಯುವ ಹುಡುಗರಿಗೆ ಅವು ಕಾಣುವುದಿಲ್ಲ ಅನ್ನುವುದನ್ನು ನೆನೆಸಿಕೊಂಡರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ.

ಟೆಂಡರ್ ಕರೆಯುವ ಮೊದಲು ಗೋಡು ಎಲ್ಲಿದೆ, ಎಷ್ಟು ಆಳದವರೆಗಿದೆ ಎಂದು ಗುರುತು ಹಾಕಿ. ಏರಿಯ ಬುಡ ಮುಟ್ಟದ ಹಾಗೆ ಅಷ್ಟನ್ನೂ ರೈತರಿಗೆ ಬಿಟ್ಟುಕೊಡಿ, ಅವರ ಟ್ರ್ಯಾಕ್ಟರಿನಲ್ಲೇ ತುಂಬಿಕೊಂಡು ಹೋಗಲಿ. ಉಳಿದದ್ದಕ್ಕೆ ಆಮೇಲೆ ಗುತ್ತಿಗೆ ಕೊಡಿ. ಪಂಚಾಯಿತಿ ಸದಸ್ಯರು ಯಾರಾದರೂ ಇದನ್ನು ಓದುತ್ತಿದ್ದರೆ ಕೈಮುಗಿದು ಕೇಳುತ್ತೇನೆ, ಮುಂದಿನ ಗ್ರಾಮಸಭೆಯಲ್ಲಿ ಅಂದಾಜುಪಟ್ಟಿ ಓದಿಸಿ, ಅದರಲ್ಲಿ ಗೋಡಿಗೆ ಬೇರೆ ಸಾಲು ಇದೆಯಾ ಅಂತ ವಿಚಾರಿಸಿ.