ಕಾಯಿಸುವವರಿಗೆ ಕೂರಲು ಜಾಗ ಕೊಡುವ ಹೊಣೆ ಇಲ್ಲವೇ?

ಕಳೆದ ವಾರ ನಾನು ಮತ್ತು ನನ್ನ 71 ವರ್ಷದ ತಾಯಿ ಒಂದು ಸಣ್ಣ ಪ್ರಾದೇಶಿಕ ವಿಮಾನ ನಿಲ್ದಾಣದಲ್ಲಿ, ಒಂದು ವಿಮಾನದಿಂದ ಇಳಿದು ಮತ್ತೊಂದನ್ನು ಹತ್ತುವುದಕ್ಕಾಗಿ, ಒಂಬತ್ತೂವರೆ ಗಂಟೆ ಕಾದೆವು. ಅದರಲ್ಲಿ ನಾಲ್ಕು ಗಂಟೆಗೂ ಹೆಚ್ಚು ಕಾಲ ನಮ್ಮನ್ನು ಕಟ್ಟಡದ ಒಳಗೇ ಬಿಡಲಿಲ್ಲ. ಹಾದಿಯಲ್ಲಿ ಕೆಟ್ಟು ನಿಂತ ಬಸ್ಸಿನ ಪ್ರಯಾಣಿಕರಂತೆ ನಾವು ಅಲ್ಲಿ ಆಕಸ್ಮಿಕವಾಗಿ ಸಿಕ್ಕಿಕೊಂಡವರಲ್ಲ. ಎರಡೂ ವಿಮಾನಗಳು ಒಂದೇ ಸಂಸ್ಥೆಯವು, ಎರಡಕ್ಕೂ ಸೇರಿ ಒಂದೇ ಟಿಕೆಟ್, ಆ ಟಿಕೆಟ್ಟಿನ ಮೇಲೆ ನಡುವಿನ ಅವಧಿ 7 ಗಂಟೆ 45 ನಿಮಿಷ ಎಂದು ಅವರೇ ಅಚ್ಚು ಹಾಕಿ ಕೊಟ್ಟಿದ್ದರು. ನಾವು ಬರುತ್ತೇವೆ, ಇಷ್ಟು ಹೊತ್ತು ಅಲ್ಲಿ ಇರುತ್ತೇವೆ ಎಂಬುದು ಅವರಿಗೆ ಒಂದು ತಿಂಗಳ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ವಯಸ್ಸಾದ ಹೆಂಗಸೊಬ್ಬರನ್ನು ಬಾಗಿಲಾಚೆ ನಿಲ್ಲಿಸಿದ್ದಕ್ಕೆ ನನ್ನ ಸಿಟ್ಟು ಇನ್ನೂ ಆರಿಲ್ಲ.

ನಾವು ಇಳಿದದ್ದು ಬೆಳಿಗ್ಗೆ 11.10ಕ್ಕೆ. ದೊಡ್ಡ ನಿಲ್ದಾಣಗಳಲ್ಲಿ ಮುಂದಿನ ವಿಮಾನ ಹಿಡಿಯುವವರಿಗೆ ಒಳಗಿನಿಂದಲೇ ಬೇರೊಂದು ದಾರಿ ಇರುತ್ತದೆ. ಇಲ್ಲಿ ಅಂಥ ದಾರಿ ಇರಲಿಲ್ಲ, ಊರಿಗೆ ಹೋಗುವವರೂ ಮುಂದಕ್ಕೆ ಹಾರುವವರೂ ಒಂದೇ ಬಾಗಿಲಿನಿಂದ ಹೊರಬೀಳಬೇಕಿತ್ತು. ತಾಯಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಿ ಒಂದು ವರ್ಷವಾಗಿದೆ, ಹೆಚ್ಚು ಹೊತ್ತು ನಿಲ್ಲಲಾಗುವುದಿಲ್ಲ. ಅದಕ್ಕೆಂದೇ ಟಿಕೆಟ್ ಮಾಡಿಸುವಾಗಲೇ ವೀಲ್‌ಚೇರ್ ಬೇಕೆಂದು ಬರೆಸಿದ್ದೆ. ಅದೇನೋ ಬಂತು, ತಳ್ಳಿಕೊಂಡು ಬಂದ ಹುಡುಗ ಸೌಜನ್ಯದಿಂದಲೇ ನಡೆದುಕೊಂಡ. ಆದರೆ ಹೊರಬಾಗಿಲು ದಾಟಿದ ಕೂಡಲೇ ಆತ, "ಅಮ್ಮಾ, ಇಲ್ಲಿ ಇಳಿಯಬೇಕು, ಕುರ್ಚಿ ವಾಪಸ್ ಒಳಗೆ ಹೋಗಬೇಕು" ಎಂದ. ಮುಂದಿನ ವಿಮಾನಕ್ಕೂ ವೀಲ್‌ಚೇರ್ ಹೇಳಿದೆಯಲ್ಲ ಎಂದು ಕೇಳಿದರೆ, ಅದು ಆ ವಿಮಾನದ ಚೆಕ್-ಇನ್ ಶುರುವಾದ ಮೇಲೆ ಸಿಗುತ್ತದೆ ಎಂಬ ಉತ್ತರ ಬಂತು. ನಡುವಿನ ಅವಧಿಯಲ್ಲಿ ಆಕೆಯ ಮೊಣಕಾಲು ಯಾರ ಲೆಕ್ಕದಲ್ಲೂ ಇರಲಿಲ್ಲ.

ನಿರ್ಗಮನದ ಬಾಗಿಲು ಅಲ್ಲಿಂದ ಮೂವತ್ತು ಹೆಜ್ಜೆ. ಅಲ್ಲಿದ್ದ ಕಾವಲಿನವರು ಟಿಕೆಟ್ ನೋಡಿ, ವಿಮಾನ ಹೊರಡುವುದು ಸಂಜೆ 6.55ಕ್ಕೆ, ಮೂರು ಗಂಟೆ ಮೊದಲು ಮಾತ್ರ ಪ್ರವೇಶ, ಆಮೇಲೆ ಬನ್ನಿ ಎಂದರು. ನಾವು ಹೊರಗಿನಿಂದ ಬಂದವರಲ್ಲ, ಇದೇ ಕಟ್ಟಡದ ಒಳಗಿನಿಂದ ಈಗತಾನೆ ಹೊರಬಂದವರು, ಎರಡೂ ಒಂದೇ ಟಿಕೆಟ್ಟಿನ ಪ್ರಯಾಣ ಎಂದು ಎಷ್ಟು ವಿವರಿಸಿದರೂ, "ನಿಯಮ ಹಾಗಿದೆ ಸರ್" ಎಂಬುದರಾಚೆಗೆ ಅವರು ಹೋಗಲಿಲ್ಲ. ಅವರನ್ನು ನಾನು ದೂಷಿಸುವುದಿಲ್ಲ. ನಿಯಮವನ್ನು ಸಡಿಲಿಸುವ ಅಧಿಕಾರವನ್ನು ಅವರಿಗೆ ಯಾರೂ ಕೊಟ್ಟಿಲ್ಲ; ಆ ಅಧಿಕಾರ ಇರುವವರು ಯಾರೂ ಆ ಹೊತ್ತಿನಲ್ಲಿ ಅಲ್ಲಿರಲಿಲ್ಲ. ವಿಮಾನ ಸಂಸ್ಥೆಯ ಕೌಂಟರಿನ ಕಿಟಕಿ ಮುಚ್ಚಿತ್ತು. ಗಾಜಿಗೆ ಅಂಟಿಸಿದ್ದ ಸಂಖ್ಯೆಗೆ ಫೋನ್ ಮಾಡಿದರೆ ಕರೆ ದೂರದ ಕಾಲ್ ಸೆಂಟರಿಗೆ ಹೋಯಿತು. ಪ್ರವೇಶದ ವಿಷಯ ನಿಲ್ದಾಣದವರಿಗೆ ಸೇರಿದ್ದು ಎಂದು ಅವರು ಹೇಳಿದರು. ನಿಲ್ದಾಣದ ಕಚೇರಿಗೆ ಮಾಡಿದರೆ, ನೀವು ವಿಮಾನ ಸಂಸ್ಥೆಯ ಪ್ರಯಾಣಿಕರು, ಅವರನ್ನೇ ಕೇಳಿ ಎಂದರು. ಇಷ್ಟೆಲ್ಲ ಆಗುತ್ತಿರುವಾಗ ನಮ್ಮ ಎರಡು ಪೆಟ್ಟಿಗೆಗಳು, ಕೊನೆಯ ಊರಿನ ಚೀಟಿ ಕಟ್ಟಿಸಿಕೊಂಡು, ಕಟ್ಟಡದ ಒಳಗೆ ನೆರಳಿನಲ್ಲಿ ಭದ್ರವಾಗಿದ್ದವು. ಪೆಟ್ಟಿಗೆಯನ್ನು ಒಂದು ವಿಮಾನದಿಂದ ಇನ್ನೊಂದಕ್ಕೆ ದಾಟಿಸುವ ತನಕ ಒಳಗೆ ಇಟ್ಟುಕೊಳ್ಳಲು ಬರುವವರಿಗೆ ಪೆಟ್ಟಿಗೆಯ ಒಡೆಯರನ್ನು ಇಟ್ಟುಕೊಳ್ಳಲು ಏಕೆ ಬರುವುದಿಲ್ಲ ಎಂಬುದು ನನಗೆ ಈವರೆಗೂ ತಿಳಿದಿಲ್ಲ.

ಹೊರಗೆ ತಗಡಿನ ಚಾವಣಿಯ ಕೆಳಗೆ ಮೂರು ಉಕ್ಕಿನ ಬೆಂಚುಗಳಿದ್ದವು. ಮಲಗಲು ಹೋಗಲಿ, ಕಾಲು ಚಾಚಲೂ ಆಗದಂತೆ ಪ್ರತಿ ಆಸನದ ನಡುವೆಯೂ ಕೈಯೊರಗು ಬೆಸೆದಿದ್ದರು. ಮಧ್ಯಾಹ್ನದ ಬಿಸಿಲು ಒಂದೊಂದೇ ಬೆಂಚನ್ನು ಆವರಿಸುತ್ತಾ ಬಂದಂತೆ ನಾವು ನೆರಳನ್ನು ಅರಸಿಕೊಂಡು ಸರಿಯುತ್ತಾ ಹೋದೆವು. ಕೊನೆಗೆ ತಾಯಿ ಗೋಡೆಯ ಬುಡದಲ್ಲಿ ನನ್ನ ಕೈಚೀಲದ ಮೇಲೆ ಕುಳಿತರು. ಶೌಚಾಲಯ ಇದ್ದದ್ದು ವಾಹನ ನಿಲ್ಲಿಸುವ ಜಾಗದ ಆ ತುದಿಯಲ್ಲಿ. ಅಲ್ಲಿಯವರೆಗೆ ಆಕೆಯನ್ನು ಕೈ ಹಿಡಿದು ನಡೆಸಿಕೊಂಡು ಹೋಗಿ ಬರಲು ಪ್ರತಿ ಸಲವೂ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಎರಡನೆಯ ಸಲ ಹೋಗಿ ಬಂದ ಮೇಲೆ ಆಕೆ ನೀರು ಕುಡಿಯುವುದನ್ನೇ ನಿಲ್ಲಿಸಿದರು. ಕೇಳಿದರೆ ಬಾಯಾರಿಕೆ ಇಲ್ಲ ಎಂದರು. ಮತ್ತೆ ಆ ಬಿಸಿಲಿನಲ್ಲಿ ನಡೆಯಬೇಕಲ್ಲ ಎಂಬ ಭಯಕ್ಕೆ ಹಾಗೆ ಹೇಳುತ್ತಿದ್ದಾರೆ ಎಂಬುದು ನನಗೆ ಗೊತ್ತಿತ್ತು. ಆ ಒಂದು ಮಾತು ಇಡೀ ದಿನದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿತು.

ಸಣ್ಣ ನಿಲ್ದಾಣ, ದಿನಕ್ಕೆ ನಾಲ್ಕಾರು ವಿಮಾನ, ಅದಕ್ಕೆ ತಕ್ಕ ಸಿಬ್ಬಂದಿ, ಇದಕ್ಕಿಂತ ಹೆಚ್ಚು ನಿರೀಕ್ಷಿಸಬಾರದು ಎಂದು ಅನೇಕರು ನನಗೆ ಬುದ್ಧಿ ಹೇಳಿದ್ದಾರೆ. ಸಣ್ಣ ನಿಲ್ದಾಣಗಳು ಹೇಗೆ ನಡೆಯುತ್ತವೆ ಎಂಬುದು ನನಗೆ ತಿಳಿಯದ ಸಂಗತಿಯಲ್ಲ. ಎಪ್ಪತ್ತು ಚಿಲ್ಲರೆ ಆಸನಗಳ ಎಟಿಆರ್ 72ರಂಥ ವಿಮಾನ ಬಂದು ಇಳಿಯುತ್ತದೆ, ಅರ್ಧ ಗಂಟೆಯಲ್ಲಿ ಜನರನ್ನು ಇಳಿಸಿ, ಹತ್ತಿಸಿಕೊಂಡು ಮತ್ತೆ ಏರುತ್ತದೆ. ಆ ಹೊತ್ತಿಗೆ ಸರಿಯಾಗಿ ಭದ್ರತಾ ತಪಾಸಣೆಯವರು, ಲಗೇಜಿನವರು, ಅಂಗಡಿಯವರು ಎಲ್ಲರೂ ಕಾಣಿಸಿಕೊಂಡು ವಿಮಾನ ಹೋದೊಡನೆ ಮರೆಯಾಗುತ್ತಾರೆ. ಖರ್ಚು ಉಳಿಸಲು ಹಾಗೆ ಮಾಡುತ್ತಾರೆ, ಇರಲಿ. ಆದರೆ ಸಣ್ಣದೆಂಬ ಕಾರಣಕ್ಕೆ ವಿಮಾನದ ವಿಷಯದಲ್ಲಿ ಯಾರೂ ರಿಯಾಯಿತಿ ತೆಗೆದುಕೊಳ್ಳುವುದಿಲ್ಲ ಎಂಬುದನ್ನೂ ನೋಡಬೇಕು. ರನ್‌ವೇಯ ಯಾವುದೇ ಮೂಲೆಗಾದರೂ ಅಗ್ನಿಶಾಮಕ ವಾಹನ ಮೂರು ನಿಮಿಷದೊಳಗೆ ತಲುಪಬೇಕೆಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯ ಮಾನದಂಡವಿದೆ. ಬಂದಿಳಿಯುವ ವಿಮಾನದ ಉದ್ದಗಲ ನೋಡಿ ಎಷ್ಟು ವಾಹನ, ಎಷ್ಟು ನೀರು ಸಿದ್ಧವಿರಬೇಕೆಂಬುದನ್ನೂ ಗೊತ್ತುಪಡಿಸಿದ್ದಾರೆ. ಅದು ಸರಿಯೇ, ಹಾಗೆಯೇ ಇರಬೇಕು. ಸಣ್ಣ ನಿಲ್ದಾಣವೂ ಇಷ್ಟು ಶಿಸ್ತನ್ನು ಪಾಲಿಸಬಲ್ಲದು ಎಂದ ಮೇಲೆ, ಕಾಯುವವರಿಗೆ ಒಂದು ಕೋಣೆಯ ಬೀಗ ತೆಗೆದಿಡುವುದು ಅದರ ಶಕ್ತಿಗೆ ಮೀರಿದ್ದೆಂದು ನಾನು ಹೇಗೆ ನಂಬಲಿ? ನಾನು ಮೆತ್ತನೆಯ ಸೋಫಾ ಕೇಳಲಿಲ್ಲ, ವಿಶ್ರಾಂತಿ ಕೊಠಡಿ ಕೇಳಲಿಲ್ಲ. ಬೆನ್ನು ಒರಗಿಸುವ ಒಂದು ಕುರ್ಚಿ, ಹತ್ತಿರದಲ್ಲಿ ಒಂದು ಶೌಚಾಲಯ, ನೀರು ಬರುವ ಒಂದು ನಲ್ಲಿ, ಇಷ್ಟನ್ನೇ ಕೇಳಿದೆ. ಆ ಮೂರೂ ಗಾಜಿನಾಚೆ ನಮ್ಮ ಕಣ್ಣಿಗೆ ಕಾಣುತ್ತಿದ್ದವು.

ಮಧ್ಯಾಹ್ನ 3.55ಕ್ಕೆ ಬಾಗಿಲು ತೆರೆಯಿತು. ಒಳಗಿನ ಅನುಭವವನ್ನು ಹೆಚ್ಚು ಬೆಳೆಸುವುದಿಲ್ಲ. ಕೌಂಟರುಗಳು ಐದು ಗಂಟೆಯವರೆಗೂ ಖಾಲಿ ಇದ್ದವು, ಭದ್ರತಾ ತಪಾಸಣೆ ಐದೂವರೆಗೆ ಶುರುವಾಯಿತು. ನೂರು ಮಿಲಿಲೀಟರಿಗಿಂತ ಹೆಚ್ಚಿನ ದ್ರವ ಒಯ್ಯಬಾರದೆಂದು ನಮ್ಮ ನೀರಿನ ಬಾಟಲಿಯನ್ನು ಅಲ್ಲಿ ತೆಗೆದುಕೊಂಡರು. 2006ರಲ್ಲಿ ವಿಮಾನಗಳನ್ನು ದ್ರವ ಸ್ಫೋಟಕದಿಂದ ಉರುಳಿಸುವ ಸಂಚು ಲಂಡನ್ನಿನಲ್ಲಿ ಬಯಲಾದ ಮೇಲೆ ಹರಡಿದ ನಿಯಮ ಅದು, ಅದರ ಹಿಂದಿನ ಕಾರಣವನ್ನು ನಾನು ಒಪ್ಪುತ್ತೇನೆ. ಆದರೆ ಪ್ರಯಾಣಿಕರ ಕೈಯಿಂದ ನೀರನ್ನು ಕಿತ್ತುಕೊಂಡ ಮೇಲೆ ಆಚೆ ಬದಿಯಲ್ಲಿ ನೀರು ಕೊಡುವ ಬಾಧ್ಯತೆಯೂ ಅದೇ ಘಳಿಗೆಯಲ್ಲಿ ಹುಟ್ಟುತ್ತದೆ. ಆಚೆ ಬದಿಯ ನಲ್ಲಿಗೆ "ದುರಸ್ತಿಯಲ್ಲಿದೆ" ಎಂಬ ಹಲಗೆ ತೂಗುಹಾಕಿದ್ದರು, ಬಣ್ಣ ಮಾಸಿದ ಹಲಗೆ. ಇದ್ದ ಒಂದೇ ಅಂಗಡಿಯ ಶಟರ್ ಎಳೆದಿತ್ತು. ತಾಯಿಯ ಸಂಜೆಯ ಮಾತ್ರೆಗೆ ಒಂದು ಲೋಟ ನೀರಿಗಾಗಿ ನಾನು ತಪಾಸಣೆಯ ಸಿಬ್ಬಂದಿಯ ಬಳಿ ಕೈಯೊಡ್ಡಬೇಕಾಯಿತು. ಆ ತಂಡದ ಹೆಣ್ಣುಮಗಳೊಬ್ಬಳು ತನ್ನ ಸ್ವಂತ ಬಾಟಲಿಯಿಂದ ಸುರಿದುಕೊಟ್ಟಳು. ಅವಳಿಗೆ ನಾನು ಋಣಿ. ಒಂದು ನಿಲ್ದಾಣ ತಾನು ಒದಗಿಸಬೇಕಾದದ್ದನ್ನು ಅಲ್ಲಿ ದುಡಿಯುವ ಹುಡುಗಿಯ ದಯೆಗೆ ಬಿಟ್ಟಿತಲ್ಲ ಎಂಬ ಕೋಪ ಮಾತ್ರ ಆ ಋಣದಿಂದ ಕಡಿಮೆಯಾಗಲಿಲ್ಲ.

ಇದರ ಮೇಲೆ ವಿಮಾನ ತಡವಾಯಿತು. ತಡವಾದದ್ದಕ್ಕಿಂತ ಅದನ್ನು ಮುಚ್ಚಿಟ್ಟ ರೀತಿ ನನ್ನನ್ನು ಕೆರಳಿಸಿತು. ವಿಮಾನಗಳ ಚಲನೆಯನ್ನು ತೋರಿಸುವ ಆಪ್ ಈಗ ಎಲ್ಲರ ಫೋನಿನಲ್ಲೂ ಇದೆ. ನಮ್ಮನ್ನು ಕರೆದೊಯ್ಯಬೇಕಾದ ವಿಮಾನ ಇನ್ನೂ ಹಿಂದಿನ ಊರಿನ ನೆಲದಲ್ಲೇ ನಿಂತಿರುವುದು ಆರು ಗಂಟೆಗೆ ನಮಗೆಲ್ಲ ಕಾಣುತ್ತಿತ್ತು. ಗೋಡೆಯ ಫಲಕ ಮಾತ್ರ 6.40ರವರೆಗೂ "ಸಮಯಕ್ಕೆ ಸರಿಯಾಗಿ" ಎಂದೇ ಹೇಳುತ್ತಿತ್ತು. ಆಮೇಲೆ ಹದಿನೈದು ನಿಮಿಷ ತಡ, ಮತ್ತೆ ಇಪ್ಪತ್ತು ನಿಮಿಷ ತಡ, ಹೀಗೆ ಚೂರುಚೂರಾಗಿ ಹೇಳುತ್ತಾ ಹೋದರು. ಕಾರಣ ಕೇಳಿದರೆ "ಕಾರ್ಯಾಚರಣೆಯ ಕಾರಣ" ಎಂದರು. ಒಂದೇ ವಿಮಾನ ಬೆಳಗಿನಿಂದ ಐದಾರು ಊರು ಸುತ್ತುವಾಗ ಮುಂಜಾನೆಯ ಸಣ್ಣ ತಡ ಸಂಜೆಗೆ ದೊಡ್ಡದಾಗಿ ಬೆಳೆಯುತ್ತದೆ. ಇದು ವಿಮಾನಯಾನದಲ್ಲಿ ಎಷ್ಟು ಸಾಮಾನ್ಯವೆಂದರೆ, ತಡದ ಕಾರಣಗಳನ್ನು ದಾಖಲಿಸುವ ಅಂತರರಾಷ್ಟ್ರೀಯ ಸಂಕೇತಗಳಲ್ಲಿ ಅದಕ್ಕೆಂದೇ 93 ಎಂಬ ಸಂಖ್ಯೆ ಇದೆ. ತಮ್ಮ ದಾಖಲೆಯಲ್ಲಿ ಬರೆದುಕೊಳ್ಳುವ ಸತ್ಯವನ್ನು ಎದುರಿಗೆ ಕುಳಿತ ಎಪ್ಪತ್ತು ಜನರಿಗೆ ಹೇಳಲು ಏನು ಅಡ್ಡಿ? ಇನ್ನೂ ಎರಡು ಗಂಟೆ ಇದೆ ಎಂದು ಒಂದೇ ಸಲ ಹೇಳಿದ್ದರೆ ತಾಯಿಯನ್ನು ಮೂಲೆಯ ಮೂರು ಕುರ್ಚಿಗಳ ಮೇಲೆ ಒರಗಿಸಿಯಾದರೂ ಮಲಗಿಸುತ್ತಿದ್ದೆ. ಈಗ ಕರೆಯುತ್ತಾರೆ, ಈಗ ಕರೆಯುತ್ತಾರೆ ಎಂದು ಆಕೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲನ್ನೇ ನೋಡುತ್ತಾ ಕುಳಿತಿದ್ದರು. ಎಸಿಯ ಚಳಿಗೆ ಹೊದೆಯಬೇಕಾಗಿದ್ದ ಶಾಲು ಪೆಟ್ಟಿಗೆಯಲ್ಲಿತ್ತು.

ಮನೆಗೆ ಬಂದ ಮೇಲೆ ನಿಯಮಗಳನ್ನು ತೆಗೆದು ಓದಿದೆ, ಓದಿದಷ್ಟೂ ಕೋಪ ಹೆಚ್ಚಾಯಿತು. ಪ್ರಯಾಣಿಕರ ಪರವಾದ ಕಾನೂನುಗಳೆಲ್ಲ ತಡವನ್ನು ಕುರಿತು ಮಾತಾಡುತ್ತವೆ. 1999ರ ಮಾಂಟ್ರಿಯಲ್ ಒಪ್ಪಂದ ತಡದಿಂದಾದ ನಷ್ಟಕ್ಕೆ ವಿಮಾನ ಸಂಸ್ಥೆಯನ್ನು ಹೊಣೆ ಮಾಡುತ್ತದೆ. ಯುರೋಪಿನ ಒಕ್ಕೂಟ 2004ರಲ್ಲಿ ಮಾಡಿದ ನಿಯಮದ ಪ್ರಕಾರ, 1,500 ಕಿಲೋಮೀಟರಿನೊಳಗಿನ ವಿಮಾನ ಎರಡು ಗಂಟೆ ತಡವಾದರೆ ಸಾಕು, ಕಾಯುವವರಿಗೆ ಊಟ ಉಪಾಹಾರ ಒದಗಿಸಬೇಕು. ಎರಡು ಗಂಟೆ ತಡವಾದರೆ ಮನುಷ್ಯನಿಗೆ ಹಸಿವಾಗುತ್ತದೆಂದು ಒಪ್ಪುವ ಕಾನೂನು, ಏಳೂಮುಕ್ಕಾಲು ಗಂಟೆಯನ್ನು ವೇಳಾಪಟ್ಟಿಯಲ್ಲಿ ಮೊದಲೇ ಬರೆದುಬಿಟ್ಟರೆ ಸುಮ್ಮನಾಗುತ್ತದೆ. ಒಂದು ವಿಮಾನದಿಂದ ಇನ್ನೊಂದಕ್ಕೆ ದಾಟಲು ಕನಿಷ್ಠ ಎಷ್ಟು ನಿಮಿಷ ಬೇಕೆಂದು ಪ್ರತಿ ನಿಲ್ದಾಣಕ್ಕೂ ನಿಗದಿ ಮಾಡಿದ್ದಾರೆ, ಅದಕ್ಕಿಂತ ಕಡಿಮೆ ಅಂತರದ ಟಿಕೆಟ್ ಮಾರುವುದಿಲ್ಲ. ಮೇಲಿನ ಮಿತಿ ಏನೆಂದು ಹುಡುಕಿದರೆ, ಅಂತರರಾಷ್ಟ್ರೀಯ ಪ್ರಯಾಣದಲ್ಲಿ 24 ಗಂಟೆಯೊಳಗಿನ ನಿಲುಗಡೆಯನ್ನೆಲ್ಲ ಸಾಮಾನ್ಯವಾಗಿ ಬರೀ ಸಂಪರ್ಕ ಎಂದೇ ಎಣಿಸುತ್ತಾರೆ. ಹಗಲೂ ರಾತ್ರಿಯೂ ಸೇರಿದ ಕಾಯುವಿಕೆಯನ್ನು ಅವರು ಸಂಪರ್ಕ ಎಂದು ಕರೆಯಲಿ, ಆದರೆ ಆ ಹೆಸರಿನಲ್ಲಿ ಮಾರಿದ ಮೇಲೆ ಆ ಹೊತ್ತನ್ನು ಎಲ್ಲಿ ಕುಳಿತು ಕಳೆಯಬೇಕೆಂಬುದನ್ನೂ ಅವರೇ ನೋಡಿಕೊಳ್ಳಬೇಕು. ನಿಲ್ದಾಣದ ಬಾಗಿಲು ಮೂರು ಗಂಟೆ ಮೊದಲು ಮಾತ್ರ ತೆರೆಯುತ್ತದೆಂದು ಗೊತ್ತಿದ್ದ ಸಂಸ್ಥೆ, ನಿಲ್ದಾಣದವರೊಡನೆ ಮಾತಾಡಿ ಸಂಪರ್ಕದ ಪ್ರಯಾಣಿಕರಿಗೆ ವಿನಾಯಿತಿ ಪಡೆಯಬೇಕಿತ್ತು. ಅದೂ ಆಗದಿದ್ದರೆ, ಹೊರಗೆ ಕಾಯಬೇಕಾಗುತ್ತದೆ ಎಂದು ಟಿಕೆಟ್ ಕೊಳ್ಳುವ ಮುನ್ನವೇ ಒಂದು ಸಾಲಿನಲ್ಲಿ ಹೇಳಬೇಕಿತ್ತು. ಆ ಸಾಲು ಇದ್ದಿದ್ದರೆ ನಾನು ಬೇರೆ ದಾರಿ ನೋಡುತ್ತಿದ್ದೆ, ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿಯಾದರೂ ಸರಿ, ತಾಯಿಗೆ ಮಲಗಲು ಒಂದು ಬರ್ತ್ ಸಿಗುತ್ತಿತ್ತು.

ನಮ್ಮ ವಿಮಾನ ಕೊನೆಗೆ ಹೊರಟದ್ದು ರಾತ್ರಿ 8.40ಕ್ಕೆ. ಮಾರನೆಯ ದಿನ ತಾಯಿಯ ಮೊಣಕಾಲು ಊದಿಕೊಂಡಿತ್ತು, ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ನಾನು ಗಂಟೆ ನಿಮಿಷಗಳ ಸಮೇತ ಎಲ್ಲವನ್ನೂ ಬರೆದು ಸಂಸ್ಥೆಗೂ ನಿಲ್ದಾಣಕ್ಕೂ ದೂರು ಕಳುಹಿಸಿದೆ. ನಿಲ್ದಾಣದಿಂದ ಉತ್ತರವಿಲ್ಲ. ಸಂಸ್ಥೆಯಿಂದ ಬಂದ ನಾಲ್ಕು ಸಾಲಿನ ಪತ್ರದಲ್ಲಿ, ಒಂದು ಗಂಟೆ ನಲವತ್ತೈದು ನಿಮಿಷ ತಡವಾದದ್ದಕ್ಕೆ ವಿಷಾದವಿದೆ ಎಂದಿತ್ತು. ನಾನು ಬರೆದದ್ದು ಅದರ ಬಗ್ಗೆ ಅಲ್ಲ. ಬಾಗಿಲಾಚೆಯ ನಾಲ್ಕು ಗಂಟೆಯ ಬಗ್ಗೆ, ಹೊರಬಾಗಿಲಲ್ಲಿ ಹಿಂದಕ್ಕೆ ಪಡೆದ ವೀಲ್‌ಚೇರ್ ಬಗ್ಗೆ. ಅದರ ಕುರಿತು ಒಂದಕ್ಷರವೂ ಇರಲಿಲ್ಲ. ಅದೇ ಪ್ರಶ್ನೆಗಳನ್ನು ಮತ್ತೆ ಬರೆದು ಕಳುಹಿಸಿದ್ದೇನೆ, ಉತ್ತರ ಬರುವವರೆಗೂ ಕಳುಹಿಸುತ್ತಲೇ ಇರುತ್ತೇನೆ. ನಿನ್ನೆ ರಾತ್ರಿ ಅವರ ಜಾಲತಾಣದಲ್ಲಿ ನೋಡಿದೆ. ಅದೇ ಎರಡು ವಿಮಾನಗಳ ಟಿಕೆಟ್, ಅದೇ 7 ಗಂಟೆ 45 ನಿಮಿಷದ ಅಂತರ, ಮುಂದಿನ ತಿಂಗಳಿಗೂ ಮಾರಾಟಕ್ಕಿದೆ. ವೀಲ್‌ಚೇರ್ ಬೇಕೇ ಎಂದು ಕೇಳುವ ಚೌಕವೂ ಅಲ್ಲಿದೆ. ನಡುವೆ ನಿಮ್ಮನ್ನು ಒಳಗೆ ಬಿಡುವುದಿಲ್ಲ ಎಂಬ ಸಾಲು ಮಾತ್ರ ಎಲ್ಲಿಯೂ ಇಲ್ಲ.